ಜಯನಗರದ ಹದಿನಾರು ಮತಗಳು

ಜಯನಗರದ ಭಾವನವರ ಮನೆಗೆ ಹೋಗಿದ್ದ ನಾವು, ಸಂಜೆ ನಾಲ್ಕನೆಯ ಟಿ ಬ್ಲಾಕಿನ ಎಸ್.ಎಸ್.ಎಂ.ಆರ್.ವಿ. ಕಾಲೇಜಿನ ಮುಂದೆ ತುಸು ಹೊತ್ತು ನಿಂತೆವು. 2023ರ ಮೇ 13ರಂದು ಈ ವಿಧಾನಸಭಾ ಕ್ಷೇತ್ರದ ಮತ ಎಣಿಕೆ ನಡೆದದ್ದು ಇಲ್ಲಿಯೇ. ಮರುಎಣಿಕೆ ಮುಗಿಯುವ ವೇಳೆಗೆ ರಾತ್ರಿ ಬಹಳವಾಗಿತ್ತು. ಬಿಜೆಪಿಯ ಸಿ.ಕೆ. ರಾಮಮೂರ್ತಿಯವರಿಗೆ 57,797, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರಿಗೆ 57,781. ಅಂತರ ಬರೀ 16! (2004ರಲ್ಲಿ ಸಂತೇಮರಹಳ್ಳಿಯ ಫಲಿತಾಂಶ ಒಂದೇ ಮತದಿಂದ ನಿರ್ಧಾರವಾದುದನ್ನು ಹಿರಿಯ ಓದುಗರು ಮರೆತಿರಲಾರರು.)

ಭಾವನವರದು ಒಟ್ಟು ಕುಟುಂಬ, ಹನ್ನೊಂದು ಮತಗಳ ಮನೆ. ಇಂಥ ಎರಡು ಮನೆಗಳು ಸಾಕಿತ್ತು. ಆದರೆ ಮತದಾನದ ಬುಧವಾರ ರಜೆ ಸಿಕ್ಕಿತೆಂದು ಎಲ್ಲರೂ ಕೂಡಲಸಂಗಮಕ್ಕೆ ಹೊರಟಿದ್ದರಂತೆ!

“ನಮ್ಮೊಂದು ಮನೆಯಿಂದ ಏನಾದೀತು ಅಂದುಕೊಂಡೆವು” ಎಂದು ಭಾವನವರು ತಲೆ ತಗ್ಗಿಸಿದರು. ಪಕ್ಕದಲ್ಲಿ ಕಿರಿಯ ಸೊಸೆ ಮತದಾರರ ಪಟ್ಟಿಯಲ್ಲಿ ತನ್ನ ಹೆಸರು ಹುಡುಕುತ್ತಿದ್ದಳು.