ಅಜ್ಜನ ಶ್ರುತಿ

ಹೊನ್ನಾವರದ ಮನೆಯ ಅಟ್ಟದಲ್ಲಿ ಅಜ್ಜನ ಭಾಗವತಿಕೆಯ ಒಂದೇ ಒಂದು ವಿಎಚ್‌ಎಸ್ ಕ್ಯಾಸೆಟ್ ಉಳಿದಿತ್ತು. ಭಟ್ಕಳದ ಕಡೆಯ ಆಟ. ಕೆರೆಮನೆಯವರದ್ದು, ಚಿಟ್ಟಾಣಿಯವರದ್ದು ಬೇಕಾದಷ್ಟು ಸಿಗುತ್ತವೆ, ಹವ್ಯಾಸಿ ಭಾಗವತನದು ಯಾರು ಹಿಡಿದಿಟ್ಟಾರು? ಕುಮಟೆಯ ಸ್ಟುಡಿಯೋದಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಬಂದೆ. ಡಿವಿಡಿ ನಾನೇ ಮಾಡುತ್ತೇನೆಂಬ ಹಮ್ಮು. ಪಿಎಚ್‌ಡಿ ಅಧ್ಯಾಯದಿಂದ ತಪ್ಪಿಸಿಕೊಳ್ಳಲು ನೆಪವೂ ಆಯಿತು.

ಆಯಿ ಎರಡು ನಿಮಿಷ ಕೇಳಿ ಎದ್ದಳು. “ಇದು ಅಪ್ಪಯ್ಯನ ಸ್ವರ ಅಲ್ದೋ ತಮಾ.”

ಚಿತ್ರ ಸರಿಯಿತ್ತು: ಪಾಲ್, ಸೆಕೆಂಡಿಗೆ 25 ಫ್ರೇಮು. ಆದರೆ ಕೋಲು ಬೀಳುವ ಮೊದಲೇ ಚಂಡೆ ಕೇಳುತ್ತಿತ್ತು. ಒಂದು ಗಂಟೆಯ ಧ್ವನಿ 55 ನಿಮಿಷಕ್ಕೇ ಮುಗಿದು, ಕೊನೆಯಲ್ಲಿ ವೇಷಗಳು ಮೂಕವಾಗಿ ಕುಣಿಯುತ್ತಿದ್ದವು. ಮೂರು ರಾತ್ರಿ ಕಳೆದ ಮೇಲೆ ಹೊಳೆಯಿತು. ಧ್ವನಿ ಇಳಿದದ್ದು 44.1 ಕಿಲೋಹರ್ಟ್ಸ್‌ನಲ್ಲಿ, ಡಿವಿಡಿಗೆ ಬೇಕಾದದ್ದು 48. ನಾನು ಧ್ವನಿಯನ್ನು ಪರಿವರ್ತಿಸದೆ ಫೈಲಿನ ಮೇಲಿನ ಸಂಖ್ಯೆಯನ್ನಷ್ಟೇ ಬದಲಿಸಿದ್ದೆ. ಓಟ ಹೆಚ್ಚಿ, ಅಜ್ಜನ ಶ್ರುತಿ ಹಾರ್ಮೋನಿಯಮ್ಮಿನ ಒಂದೂವರೆ ಮನೆಯಷ್ಟು ಮೇಲೇರಿತ್ತು. ಇದನ್ನು ನನ್ನ ಕಿವಿ ಹಿಡಿಯಲಿಲ್ಲ, ಆಯಿಯದು ಹಿಡಿಯಿತು.

ಎರಡನೆಯ ಡಿಸ್ಕ್ ಹಾಕಿದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಪದ್ಯದ ನಡುವೆ ಅಜ್ಜ ಸಣ್ಣಗೆ ಕೆಮ್ಮಿದ.

“ಅಲ್ಲೇ, ಇನ್ನೊಂದ್ಸಲ ಹಾಕು” ಎಂದಳು.