ಅವ್ವನ ಕೋಣೆಯ ನೀರು

ಮನೆಯಲ್ಲಿ ವಯಸ್ಸಾದವರಿದ್ದರೆ, ನೆಲ ಒದ್ದೆಯಾದಾಗ ಯಾರೂ ನಳದ ಕಡೆ ನೋಡುವುದಿಲ್ಲ. ಮೊದಲು ಅವರ ಸೀರೆಯ ಅಂಚಿನ ಕಡೆ ನೋಡುತ್ತಾರೆ. ನಾನೂ ಹಾಗೆಯೇ ನೋಡಿದೆ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನಾನೇನೋ ದೊಡ್ಡ ಸಾಹಸ ಮಾಡಿದೆನೆಂದು ನೀವು ತಿಳಿದುಕೊಂಡೀರಿ.

ಅವ್ವ ಕಮಲಾಪುರದವಳು. ಕೆಂಪು ಬಾಳೆಯ ಊರು. ಕಳೆದ ವರ್ಷ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದಾಗ ಕಲಬುರಗಿಗೆ, ನಮ್ಮ ಮನೆಗೆ ಕರೆತಂದೆವು. ಬ್ರಹ್ಮಪುರದ ನಮ್ಮ ಮನೆ ಹಳೆಯದು. ಸಂಡಾಸ ಹಿತ್ತಲ ತುದಿಗಿದೆ, ಮೂರು ಮೆಟ್ಟಿಲು ಇಳಿಯಬೇಕು. ಅವ್ವನಿಗೆ ಕೊಟ್ಟದ್ದು ಮುಂದಿನ ಕೋಣೆ. ಅಲ್ಲಿಂದ ಹಿತ್ತಲಿಗೆ ಮೋರಿ ತೆಗೆಯೋಣವೆಂದರೆ ಮೇಲೆ ಶಹಾಬಾದ ಪರಸಿ, ಕೆಳಗೆ ಕರಿಬಂಡೆ, ಅದರ ಮೇಲೆ ಇಳಿಜಾರೇ ಇಲ್ಲ. ಕೊನೆಗೆ ಬೆಂಗಳೂರಿನಲ್ಲಿರುವ ಮಗ ಒಂದು ಯಂತ್ರದ ಸುದ್ದಿ ಹೇಳಿದ. ಮ್ಯಾಸರೇಟರ್ ಎಂದು ಅದರ ಹೆಸರು. ಕಮೋಡಿನ ಬೆನ್ನಿಗೆ ಒಂದು ಬಿಳಿ ಡಬ್ಬಿ. ಒಳಗೆ ಮೋಟಾರು, ಹರಿತವಾದ ಅಲಗು. ಫ್ಲಶ್ ಒತ್ತಿದ ಕೂಡಲೇ ಬಂದದ್ದನ್ನೆಲ್ಲ ಅರೆದು ನೀರು ಮಾಡಿ, ಎರಡು ಬೆರಳು ದಪ್ಪದ ಪೈಪಿನಲ್ಲಿ ಮೇಲಕ್ಕೂ ದೂಡುತ್ತದೆ. 1958ರಷ್ಟು ಹಿಂದೆಯೇ ಫ್ರಾನ್ಸಿನಲ್ಲಿ ಹುಟ್ಟಿದ ಉಪಾಯವಂತೆ. ನಮ್ಮ ಓಣಿಗೆ ಬರಲು ಇಷ್ಟು ವರ್ಷ ಹಿಡಿಯಿತು.

ಅವ್ವ ಅದಕ್ಕೆ 'ಮಿಕ್ಸರ್' ಎಂದೇ ಹೆಸರಿಟ್ಟಳು. ಮೊದಲ ದಿನ ಅದರ ಸದ್ದು ಕೇಳಿದವಳು ಎಂಟು ದಿನ ಮಿಕ್ಸರಿನಲ್ಲಿ ಅರೆದ ಚಟ್ನಿ ಮುಟ್ಟಲಿಲ್ಲ. ನಾನು ಕಲ್ಲಿನಲ್ಲಿ ಕುಟ್ಟಿಕೊಡಬೇಕಾಯಿತು.

ಮೂರು ತಿಂಗಳಾದ ಮೇಲೆ ಕಮೋಡಿನ ಸುತ್ತ ಪರಸಿ ಒದ್ದೆಯಾಗತೊಡಗಿತು. ಸಣ್ಣ ವಾಸನೆಯೂ ಬಂತು. ನಾನು ಏನೂ ಅನ್ನಲಿಲ್ಲ, ಫಿನಾಯಿಲ್ ಹಾಕಿ ಒರೆಸಿದೆ. ನಮ್ಮವರೂ ಏನೂ ಅನ್ನಲಿಲ್ಲ, ಆ ಕೋಣೆಯ ಬಾಗಿಲು ಮುಂದೆ ಮಾಡಿದರು. ಹೀಗೆ ಏನೂ ಅನ್ನದೆ ಇರುವುದು ಎಷ್ಟು ಜೋರಾಗಿ ಕೇಳಿಸುತ್ತದೆಂದು ಅವ್ವನಂಥವರಿಗೇ ಗೊತ್ತು. ಅವಳು ನೀರು ಕುಡಿಯುವುದು ಬಿಟ್ಟಳು. ತಲೆದಿಂಬಿನ ಹತ್ತಿರ ಇಟ್ಟ ತಂಬಿಗೆ ಇಟ್ಟ ಹಾಗೇ ಇರುತ್ತಿತ್ತು. ಮೇ ತಿಂಗಳು, ಕಲಬುರಗಿಯ ಬಿಸಿಲು! ತುಟಿ ಒಣಗಿ ಬಿರಿದಿತ್ತು.

ಒಂದು ಸಂಜೆ ಅಂದಳು, "ನನಗ ಕಮಲಾಪುರಕ್ಕ ಬಿಟ್ಟು ಬಾ ಯವ್ವಾ. ಅಳಿಯಂದ್ರ ಮನ್ಯಾಗ ಹೊಲಸು ಮಾಡ್ಕೋತ ಕುಂಡ್ರಂಗಿಲ್ಲ ನಾ."

ಅವಳಿಗೂ ತನ್ನ ಮೇಲೆಯೇ ಅನುಮಾನ. ನೀರು ಬಿಡುವುದು ಅವಳಿಗೆ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಕಮಲಾಪುರದಲ್ಲಿ ಹೆಂಗಸರು ನಸುಕಿಗೆ ಮುಂಚೆ ತಂಬಿಗೆ ಹಿಡಿದು ಗುಂಪಾಗಿ ಬಯಲಿಗೆ ಹೋಗುತ್ತಿದ್ದೆವು. ಬೆಳಗಾದರೆ ಮತ್ತೆ ಕತ್ತಲಾಗುವ ತನಕ ತಡೆಯಬೇಕು. ಅದಕ್ಕೆ ಮಧ್ಯಾಹ್ನ ನೀರು ಕುಡಿಯಬಾರದೆಂದು ಅವ್ವನೇ ನನಗೆ ಕಲಿಸಿದ್ದಳು. ಈಗ ನಾನು ದಿನಾ ಬಸ್ಸಿನಲ್ಲಿ ಅದೇ ಕಮಲಾಪುರಕ್ಕೆ ಪಾಠ ಹೇಳಲು ಹೋಗುತ್ತೇನೆ. ನೀರಿನ ಬಾಟಲಿ ತುಂಬಿಕೊಂಡು ಬಂದು, ತುಂಬಿದ್ದನ್ನೇ ಮನೆಗೆ ಒಯ್ಯುವ ಹುಡುಗಿಯರನ್ನು ಇವತ್ತಿಗೂ ನೋಡುತ್ತೇನೆ.

ಸ್ಟಾಫ್ ರೂಮಿನಲ್ಲಿ ಸುಮ್ಮನೆ ಸಂಕಟ ಹೇಳಿಕೊಂಡಾಗ ವಿಜ್ಞಾನದ ಟೀಚರು, "ಅಕ್ಕಾ, ಅದು ಪೈಪಿನ ನೀರು ಇರಬಹುದಲ್ಲ? ಬಟ್ಟಿಗಿ ಹಾಕೋ ನೀಲಿ ಟಾಕ್ಯಾಗ ಹಾಕಿ ನೋಡ್ರಿ" ಅಂದರು. ನಾನು ಬಿ.ಎ., ಬಿ.ಎಡ್., ಸಮಾಜ ಪಾಠದವಳು. ಇಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ.

ಭಾನುವಾರ ಅವ್ವನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ನೆಲ ಒಣಗುವ ಹಾಗೆ ಒರೆಸಿದೆ. ಫ್ಲಶ್ ಟಾಕಿಗೆ ನೀಲಿ ಹಾಕಿ ಮೂರು ಕಡೆ ಹಳೆಯ ಪತ್ರಿಕೆ ಹಾಸಿದೆ: ಟಾಕಿಯ ಕಾಕಿನ ಕೆಳಗೊಂದು, ಕಮೋಡು ಡಬ್ಬಿಗೆ ಕೂಡುವಲ್ಲಿ ಒಂದು, ಹೊರಗೆ ಹೋಗುವ ಸಣ್ಣ ಪೈಪಿನ ಕೆಳಗೊಂದು. ಫ್ಲಶ್ ಒತ್ತಿದೆ. ಮೋಟಾರು ಗುರ್ ಎಂದು ನಿಂತಿತು. ಮೊದಲನೆಯದು ಒಣಗಿತ್ತು. ಮೂರನೆಯದೂ ಒಣಗಿತ್ತು. ನಡುವಿನ ಪತ್ರಿಕೆಯ ಮೇಲೆ ರೂಪಾಯಿಯಗಲ ನೀಲಿ ಕಲೆ. ಅದನ್ನು ನೋಡುತ್ತ ನಾನು ಅಲ್ಲೇ ಕುಕ್ಕರಗಾಲಲ್ಲಿ ಎಷ್ಟು ಹೊತ್ತು ಕುಳಿತೆನೋ!

ಯಂತ್ರ ಕೂಡಿಸಿದ ಮಿಸ್ತ್ರಿಗೆ ಫೋನು ಮಾಡಿದೆ. ಬಂದವನು ಒಂದಿಷ್ಟು ಬಿಳಿ ಸಿಮೆಂಟು ಮೆತ್ತಿ ಹೋದ. ಯಂತ್ರ ನಡುಗುವಂಥದ್ದು, ಸಿಮೆಂಟು ಬಗ್ಗುವಂಥದ್ದಲ್ಲ. ಎರಡೇ ದಿನಕ್ಕೆ ಬಿರುಕು ಬಿಟ್ಟಿತು. ಮತ್ತೆ ಕರೆದರೆ, ಬಿಚ್ಚುವ ಕೆಲಸ ತನ್ನದಲ್ಲವೆಂದ. ನಮ್ಮವರು, "ಇಂಥ ಕೆಲಸಕ್ಕ ಬ್ಯಾರೆ ಮಂದಿ ಇರ್ತಾರ, ನಾಕು ರೂಪಾಯಿ ಹೆಚ್ಚು ಕೊಟ್ರಾಯ್ತು" ಅಂದರು. ಬೇರೆ ಮಂದಿ ಎಂದರೆ ಯಾರೆಂದು ನಮ್ಮಿಬ್ಬರಿಗೂ ಗೊತ್ತು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಿದ್ದು, ಆಮೇಲೆ 1993ರಲ್ಲಿ, 2013ರಲ್ಲಿ ದೇಶಕ್ಕೇ ಕಾನೂನು ಬಂದದ್ದು, ಇವನ್ನು ಮಕ್ಕಳ ಮುಂದೆ ನಿಂತು ಹೇಳುವವಳು ನಾನು. "ನಮ್ಮವ್ವಂದು, ನಾನೇ ಮಾಡ್ತೀನಿ" ಅಂದೆ. ಅವರು ಮಾತಾಡಲಿಲ್ಲ.

ಸೂಪರ್ ಮಾರ್ಕೆಟಿನ ಅಂಗಡಿಯಲ್ಲಿ ತುಕ್ಕು ಹಿಡಿಯದ ಸ್ಟೀಲಿನ ಕ್ಲಿಪ್ಪು ಕೇಳಿದರೆ, "ಸರ್‌ಗೆ ಕಳಿಸ್ರಿ ಮೇಡಂ, ನಿಮಗ ತಿಳ್ಯಾಂಗಿಲ್ಲ" ಎಂದ ಅಂಗಡಿಯವ. ಹಳೆಯ ಕ್ಲಿಪ್ಪಿನ ಸುತ್ತಳತೆಯನ್ನು ದಾರದಲ್ಲಿ ಹಿಡಿದುಕೊಂಡೇ ಹೋಗಿದ್ದೆ. ಬ್ಲೌಸಿನ ಅಳತೆ ತೆಗೆಯಬಲ್ಲವರಿಗೆ ಇದೇನು ಮಹಾ?

ಕಾಕು ಮುಚ್ಚಿ, ಒಂದು ಸಲ ಫ್ಲಶ್ ಮಾಡಿ ಟಾಕಿ ಖಾಲಿ ಮಾಡಿದೆ. ಯಂತ್ರ ಪೂರ್ತಿ ನಿಂತ ಮೇಲೆ ಪ್ಲಗ್ಗು ಕಿತ್ತೆ. ಇದನ್ನು ಮಾತ್ರ ಮರೆಯಬಾರದು, ಒಳಗಿರುವುದು ಅಲಗು. ಕಮೋಡಿನಲ್ಲಿ ಉಳಿದ ನೀರನ್ನು ಹಳೆಯ ಮಗ್ಗಿನಿಂದ ಎತ್ತಿ, ಸ್ಪಂಜಿನಿಂದ ಹಿಂಡಿ ತೆಗೆದೆ. ಕೈಗೆ ರಬ್ಬರಿನ ಗವಸು, ಮೂಗಿಗೆ ಸೆರಗು. ಕ್ಲಿಪ್ಪು ಸಡಿಲಿಸಿ ಕಮೋಡನ್ನು ಮುಂದಕ್ಕೆ ಎಳೆಯಲು ಹೋದರೆ ಒಬ್ಬಳಿಂದ ಆಗಲಿಲ್ಲ. ಹಿಂದಿನಿಂದ ಎರಡು ಕೈ ಬಂದವು. ನಮ್ಮವರು ಲುಂಗಿ ಮೇಲೆ ಕಟ್ಟಿಕೊಂಡು ನಿಂತಿದ್ದರು.

ಡಬ್ಬಿಯ ರಬ್ಬರು ತೋಳು ಹರಿದಿರಲಿಲ್ಲ, ಒಂದು ಬದಿ ಮಡಚಿಕೊಂಡಿತ್ತು ಅಷ್ಟೆ. ಕಮೋಡಿಗೆ ನೆಲದಲ್ಲಿ ಸ್ಕ್ರೂ ಹಾಕಿರಲೇ ಇಲ್ಲ. ಅವ್ವ ಏಳುವಾಗಲೆಲ್ಲ ಅದನ್ನೇ ಹಿಡಿದು ಏಳುತ್ತಿದ್ದಳು. ಅದು ಕೂದಲೆಳೆ ಕೂದಲೆಳೆಯಾಗಿ ಸರಿದಿತ್ತು. ಕೂಡುವ ಬಾಯಿಗೆ ನಮ್ಮ ಬೋರಿನ ಗಡಸು ನೀರಿನ ಬಿಳಿ ಹಕ್ಕಳೆ ಬೇರೆ. ನಿಂಬೆಹಣ್ಣು ತಿಕ್ಕಿ, ಹಳೆಯ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ರಬ್ಬರಿನ ಮಡಿಕೆ ಬಿಡಿಸಿ ನೆಟ್ಟಗೆ ಕೂಡಿಸಿದೆ. ಕ್ಲಿಪ್ಪನ್ನು ಬಿಗಿ ಮಾಡಿದೆ, ರಬ್ಬರು ಕತ್ತರಿಸುವಷ್ಟಲ್ಲ. ಪಕ್ಕದ ಮನೆಯ ಹುಡುಗನ ಡ್ರಿಲ್ಲು ತಂದು ನಮ್ಮವರು ಪರಸಿಗೆ ತೂತು ಹೊಡೆದು ಕಮೋಡನ್ನು ಬಿಗಿದರು. ಅವ್ವ ಹಿಡಿದು ಏಳಲು ಗೋಡೆಗೊಂದು ಹಿಡಿಕೆಯನ್ನೂ ಹಾಕಿದರು. ಅದು ನನಗೆ ಹೊಳೆದಿರಲಿಲ್ಲ. ಮತ್ತೆ ನೀಲಿ, ಮತ್ತೆ ಪತ್ರಿಕೆ. ಐದು ಸಲ ಫ್ಲಶ್ ಒತ್ತಿದರೂ ಕಲೆಯಿಲ್ಲ.

ಕಟ್ಟೆಗೆ ಹೋಗಿ ನೀಲಿ ಕಲೆಯ ಹಳೆಯ ಪತ್ರಿಕೆ ತೋರಿಸಿ, "ನೋಡಬೇ, ಪೈಪ್ ಸೋರ್ತಿತ್ತು, ನಿಂದಲ್ಲ" ಅಂದೆ. ಅವ್ವ ಅದನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಅಳಿಯಂದ್ರಿಗೆ ಹೇಳಿದಿ?" ಅಂದಳು.

ಅವರೇ ಸ್ಕ್ರೂ ಹಾಕಿದ್ದಾರೆಂದು ಹೇಳಿದರೂ ಸಮಾಧಾನವಿಲ್ಲ. ರಾತ್ರಿ ಊಟಕ್ಕೆ ಬಡಿಸುತ್ತ, ಮುಂದಿನ ಕೋಣೆಗೆ ಕೇಳುವ ಹಾಗೆ ಮತ್ತೊಮ್ಮೆ ಹೇಳಿದೆ. ಅವರೂ ಅಷ್ಟೇ ಜೋರಾಗಿ, "ಹೌದು, ಪೈಪಿಂದೇ ಅದು" ಅಂದರು.

ಮಲಗುವ ಮುಂಚೆ ಅವ್ವ ಒಂದು ಲೋಟ ಮಜ್ಜಿಗೆ ಕೇಳಿದಳು. ನಡುರಾತ್ರಿ ಎರಡರ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಮಿಕ್ಸರ್ ಗುರ್ ಎಂದಿತು. ನಾನು ಎದ್ದು ಹೋಗಲಿಲ್ಲ.