ಸೀಸೆಯ ಬಣ್ಣ, ಅರಗಿನ ಬಣ್ಣ

ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಕಡೆಯ ನಮ್ಮ ನೆಂಟರಿಷ್ಟರ ಮನೆಗಳಲ್ಲಿ ಹಿರಿಯರ ಕಾಲದ ಒಂದೆರಡು ಗಾಜಿನ ಸಾಮಾನು ಉಳಿದುಕೊಂಡಿದ್ದವು. ಪನ್ನೀರು ಚಿಮುಕಿಸುವ ಗುಲಾಬ್‌ದಾನಿ, ಕೆಂಪು ಗಾಜಿನ ಹೂಜಿ, ಚಿನ್ನದ ಗೆರೆಯ ಬಟ್ಟಲು. ನಿಕಾಹ್ ದಿನ ಹೊರಗೆ ಬಂದರೆ ಮತ್ತೆ ಬಟ್ಟೆ ಸುತ್ತಿಸಿಕೊಂಡು ಪೆಟ್ಟಿಗೆ ಸೇರುತ್ತಿದ್ದವು. ಎಲ್ಲಿಯದೆಂದು ಕೇಳಿದರೆ ಉತ್ತರ ಒಂದೇ: "ವಿಲಾಯತಿ ಮಾಲು, ಮುಟ್ಟಬೇಡಿ."

ಈಗ ಮನೆಗಳು ಪಾಲಾಗುತ್ತಿವೆ. ಪೆಟ್ಟಿಗೆ ತೆರೆದಾಗ ಇವು ಯಾರಿಗೂ ಬೇಡವಾದ ಸಾಮಾನು. ಹಳೆಯ ವಸ್ತು ಕೊಳ್ಳುವವರು ಬಂದು ಕೈಗೆ ಸಿಕ್ಕಷ್ಟು ಕೊಟ್ಟು ಒಯ್ಯುತ್ತಾರೆ. ಅದರೊಂದಿಗೆ ನಮ್ಮ ಚರಿತ್ರೆಯ ಒಂದು ಪುಟವೂ ಹೋಗುತ್ತದೆ ಎಂಬುದೇ ನಮ್ಮ ಕಳವಳ.

ಆ 'ವಿಲಾಯತ್' ಯಾವುದು? ಎಲ್ಲ ಗಾಜೂ ಒಂದೇ ಊರಿನದಲ್ಲ. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಬಣ್ಣದ ಗಾಜಿಗೆ ಹೆಸರಾಗಿದ್ದ ನಾಡು ಬೊಹೆಮಿಯಾ. ಅಂದು ಆಸ್ಟ್ರಿಯಾ ಸಾಮ್ರಾಜ್ಯದಲ್ಲಿದ್ದ ಈ ಸೀಮೆ ಇಂದಿನ ಜೆಕ್ ದೇಶದಲ್ಲಿದೆ. ಅಲ್ಲಿನ ಕುಶಲಕರ್ಮಿಗಳು ಇರಾನಿನ ಗಿರಾಕಿಗಳಿಗೆಂದೇ ಸಾಮಾನು ಮಾಡುತ್ತಿದ್ದರು. ಇರಾನಿನಲ್ಲಿ ಗಲಿಯಾನ್ ಎಂದು ಕರೆಯುವ ಹುಕ್ಕಾದ ಬುಡ, ದೀಪದ ಬುರುಡೆ, ಶರಬತ್ತಿನ ಬಟ್ಟಲು ಇವೆಲ್ಲ ಅದರಲ್ಲಿದ್ದವು. ಗಾಜಿನ ಮೇಲೆ ಗುಲಾಬಿ ಹೂ, ಚಿನ್ನದ ಬಳ್ಳಿ. ಕೆಲವದರಲ್ಲಿ 1848ರಿಂದ 1896ರವರೆಗೆ ಆಳಿದ ನಾಸಿರುದ್ದೀನ್ ಷಾನ ಭಾವಚಿತ್ರ. ಟ್ರೆಬಿಜಾಂಡ್ ಬಂದರಿನಿಂದ ತಬ್ರೀಜ್‌ಗೆ ಹೋಗುವ ಹೆದ್ದಾರಿ ಆ ಕಾಲದಲ್ಲಿ ಯುರೋಪಿನ ಸರಕು ಇರಾನ್ ಸೇರುವ ಮುಖ್ಯ ದಾರಿಗಳಲ್ಲೊಂದು.

ಯೋಚಿಸಿ ನೋಡಿ. ಬೊಹೆಮಿಯಾದ ಹಳ್ಳಿಯ ಕ್ರೈಸ್ತ ಕೆಲಸಗಾರ ತಾನೆಂದೂ ಕಾಣದ ಮುಸ್ಲಿಂ ಗಿರಾಕಿಯ ಕಣ್ಣಿಗೆ ಹಿತವಾಗುವಂತೆ ಕುಂಚ ಆಡಿಸುತ್ತಿದ್ದ. ಗಿರಾಕಿ ಅದನ್ನು ಪರಕೀಯವೆಂದು ದೂರವಿಡಲಿಲ್ಲ, ತನ್ನ ಮನೆಯ ಅಲಂಕಾರ ಮಾಡಿಕೊಂಡ. ಹಾಗಾದರೆ ಆ ಹೂಜಿ ಯಾರದು? ಮಾಡಿದವನದೋ, ಬಯಸಿದವನದೋ? ಇಬ್ಬರದೂ ಎನ್ನದೆ ವಿಧಿಯಿಲ್ಲ.

ಆ ಕೆಂಪು ಬಣ್ಣದ ಗುಟ್ಟೂ ಸೊಗಸಾಗಿದೆ. ಬೊಹೆಮಿಯಾದ ಫ್ರೆಡ್ರಿಕ್ ಎಗರ್‌ಮಾನ್ 1832ರ ಸುಮಾರಿಗೆ, ಬಿಳಿ ಗಾಜಿನ ಮೇಲ್ಮೈಗೆ ಮಾತ್ರ ಮಾಣಿಕ್ಯದ ಕೆಂಪು ಹತ್ತಿಸುವ ವಿಧಾನ ರೂಪಿಸಿದ. ಆ ತೆಳು ಪದರವನ್ನು ಕೊರೆದರೆ ಒಳಗಿನ ಬಿಳಿ ಚಿತ್ತಾರವಾಗಿ ಕಾಣುತ್ತದೆ. ನಮ್ಮ ಚನ್ನಪಟ್ಟಣದ ಬೊಂಬೆಯೂ ಇದೇ ಜಾತಿಯದು. ಹಾಲೆ ಮರದ ತುಂಡು ಚರಕಿಯಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಗರಿಯಿಂದ ಉಜ್ಜಿದರೆ ಗಾಜಿನಂತೆ ಹೊಳೆಯುತ್ತದೆ. ಎರಡೂ ಕಡೆ ಬಣ್ಣವೆಂಬುದು ತೆಳುವಾದ ಚರ್ಮ, ಅಷ್ಟೇ.

ಚನ್ನಪಟ್ಟಣಕ್ಕೆ ಗಾಜು ಹೊಸದೇನಲ್ಲ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಊರಿನ ಗಾಜಿನ ಕೆಲಸವನ್ನೂ, ವಾದ್ಯಗಳ ಉಕ್ಕಿನ ತಂತಿಯನ್ನೂ ಬರೆದಿಟ್ಟಿದ್ದಾನೆ. ಮುಂದೆ ಬ್ರಿಟಿಷರ ಗೆಜೆಟಿಯರುಗಳೂ ಅರಗಿನ ಸಾಮಾನು, ತಂತಿ, ಗಾಜಿನ ಬಳೆ ಈ ಮೂರನ್ನು ಊರಿನ ಹೆಸರಿನೊಂದಿಗೆ ಹೇಳಿದವು. ಪಶ್ಚಿಮ ಕರಾವಳಿಯೊಂದಿಗೆ ವ್ಯಾಪಾರ ಮಾಡುತ್ತಿದ್ದ ಲಬ್ಬೆ ಮತ್ತು ದಾಯಿರಾ ಮುಸ್ಲಿಮರೂ ಅಲ್ಲಿ ಕಾಣಿಸುತ್ತಾರೆ. ಟಿಪ್ಪು ಸುಲ್ತಾನ್ ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿದ ರಾಯಭಾರಕ್ಕೂ, 1788ರಲ್ಲಿ ಪ್ಯಾರಿಸ್ ಮುಟ್ಟಿದ ರಾಯಭಾರಕ್ಕೂ ಕುಶಲಕರ್ಮಿಗಳನ್ನು ಕರೆತರುವ ಹೊಣೆಯಿತ್ತು. ಬೊಂಬೆಯ ವಿದ್ಯೆಯನ್ನು ಪರ್ಷಿಯಾದವರು ಕಲಿಸಿದರು ಎಂಬ ಮಾತು ಊರಲ್ಲಿ ಉಳಿದಿದೆ. ಜಪಾನಿನ ವಿಧಾನ ತಂದು ಕೆಲಸವನ್ನು ತಿದ್ದಿದವರೆಂದು ಬವಾಸ್ ಮಿಯಾನ್ ಅವರನ್ನೂ ಜನ ನೆನೆಯುತ್ತಾರೆ.

ಭಾಷೆಯೂ ಇದಕ್ಕೆ ಸಾಕ್ಷಿ. ಸೀಸೆ, ಹುಕ್ಕಾ, ಗುಲಾಬಿ, ಕುರ್ಚಿ ಇವೆಲ್ಲ ಅರಬಿ, ಫಾರಸಿಗಳಿಂದ ಬಂದು ಕನ್ನಡವಾದವು. ಔಷಧದ ಸೀಸೆ ಕೇಳುವಾಗ ನಾವು ಯಾರೂ ಅದರ ಧರ್ಮ ವಿಚಾರಿಸುವುದಿಲ್ಲ. ಮುಸ್ಲಿಂ ಬಳೆಗಾರ ತಂದ ಬಳೆಯನ್ನು ಹಿಂದೂ ಮುತ್ತೈದೆ ತೊಟ್ಟಾಗಲೂ ಜಾತ್ರೆಯಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ. ವ್ಯಾಪಾರದ ಜೊತೆಗೆ ಸಲಿಗೆಯೂ ಓಡಾಡುತ್ತಿತ್ತು. ಯಾರ ಅಂಗಡಿಗೆ ಯಾರು ಹೋಗಬೇಕೆಂದು ಹೇಳಿಕೊಡುವವರು ಹೆಚ್ಚಿರುವ ಈ ದಿನಗಳಲ್ಲಿ ಅದು ನೆನಪಾಗಬೇಕು. ಕುರ್‌ಆನಿನ ನೂರ್ ಅಧ್ಯಾಯದ 35ನೇ ವಚನದಲ್ಲಿ ಗಾಜಿನೊಳಗಿನ ದೀಪದ ಉಪಮೆಯಿದೆ. ಗಾಜು ಬೆಳಕನ್ನು ತಡೆಯುವುದಕ್ಕಲ್ಲ, ಗಾಳಿಗೆ ಆರದಂತೆ ಕಾಯುವುದಕ್ಕೆ.

ಚನ್ನಪಟ್ಟಣದ ಬಳೆಯ ಕುಲುಮೆಗಳ ಕೀರ್ತಿ ಗೆಜೆಟಿಯರಿನ ಪುಟಕ್ಕೆ ಸೇರಿಹೋಯಿತು. ಬೊಂಬೆ ಉಳಿದಿದೆ. 2005-06ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ಸಿಕ್ಕಿತು. ಆದರೆ ಅಗ್ಗದ ಪ್ಲಾಸ್ಟಿಕ್ ಆಟಿಕೆಯ ಎದುರು ಚರಕಿಯವನ ಕೂಲಿ ಏರುವುದು ಕಷ್ಟ. ಕೂಲಿ ಸಾಲದ ಮನೆಯಲ್ಲಿ ಮಕ್ಕಳು ಬೆಂಗಳೂರಿನ ರೈಲು ಹತ್ತುವುದನ್ನು ತಪ್ಪೆನ್ನಲಾಗದು. ಬೊಹೆಮಿಯಾದ ಗಾಜು ಬೆಳೆದದ್ದು ಕೊಳ್ಳುವವನಿದ್ದ ಕಾರಣಕ್ಕೆ. ಕೌಶಲ ಎಷ್ಟೇ ಇರಲಿ, ಗಿರಾಕಿ ಇಲ್ಲದಿದ್ದರೆ ಕುಲುಮೆ ಆರುತ್ತದೆ.

ಆದ್ದರಿಂದ ನಾವು ಕೇಳಿಕೊಳ್ಳುವುದು ಇಷ್ಟೇ. ಪೆಟ್ಟಿಗೆಯ ಗಾಜನ್ನು ಮಾರುವ ಮುಂಚೆ ಒಂದು ಫೋಟೋ ತೆಗೆಯಿರಿ. ಯಾರು ತಂದರು, ಯಾರ ಮದುವೆಗೆ ಬಂತು ಎಂದು ಮನೆಯ ದಾದಿಮಾರನ್ನು ಕೇಳಿ ಬರೆದಿಡಿ. ಅವರು ಹೋದ ಮೇಲೆ ಕೇಳುವುದು ಯಾರನ್ನು? ಬರುವ ಈದ್‌ಗೆ ಮಕ್ಕಳಿಗೆ ಈದಿ ಕೊಡುವಾಗ ಹಾಲೆ ಮರದ ಬುಗುರಿಯೊಂದನ್ನೂ ಕೊಡಿ. ಚರಕಿ ತಿರುಗುತ್ತಿರುವ ಮನೆಗೇ ಹೋಗಿ, ಚೌಕಾಸಿ ಮಾಡದೆ ಕೊಳ್ಳಿ.